ಕೆಸರು ಮೆತ್ತಿದ ವಾಕ್ಯ

ಒಂದು ಕಾಡಿನಲ್ಲಿ ಎಂಥ ಬೇಸಿಗೆಯಲ್ಲೂ ಬತ್ತದ ಮಡುವೊಂದಿತ್ತು. ಅದರ ಪಕ್ಕದ ಬಂಡೆಯ ಮೇಲೆ ದೇವರ ವಾಕ್ಯ ಕೊರೆದಿತ್ತು. ಹಿಂದೆ ಪ್ರಾಣಿಗಳೆಲ್ಲ ಅದನ್ನು ಓದಿಯೇ ನೀರಿಗೆ ಇಳಿಯುತ್ತಿದ್ದವು. ಬರಬರುತ್ತಾ ಓದುವುದನ್ನು ಬಿಟ್ಟವು. ಮುಳ್ಳವ್ವ ಎಂಬ ಮುದಿ ಮುಳ್ಳುಹಂದಿ ಮಾತ್ರ ದಿನವೂ ಓದುತ್ತಿದ್ದಳು.

ಆ ವರ್ಷ ಮಳೆ ತಡವಾಯಿತು. ಹಳ್ಳಗಳೆಲ್ಲ ಒಣಗಿದವು. ಜಾಣಪ್ಪ ಎಂಬ ನರಿ ಒಂದು ಬೆಳಿಗ್ಗೆ ಬಂಡೆಗೆ ಪೂರ್ತಿ ಕೆಸರು ಮೆತ್ತಿ ಅದರ ಮೇಲೇರಿ ಕುಳಿತ.

"ಹಳೆಯ ಮಾತಿನ ಕಾಲ ಮುಗಿಯಿತು. ನಿನ್ನೆ ಗುಡ್ಡದ ಮೇಲೆ ದೇವರು ನನ್ನೊಂದಿಗೆ ಮಾತಾಡಿದ. ಅವನ ಮನಸ್ಸಿನಲ್ಲಿ ಇರುವುದೆಲ್ಲ ನನಗೀಗ ಗೊತ್ತು. ಇನ್ನು ಮೇಲೆ ನನಗೆ ಮೊಟ್ಟೆಯೋ ಜೇನೋ ತಂದುಕೊಟ್ಟವರಿಗಷ್ಟೇ ನೀರು," ಎಂದ.

ಪ್ರಾಣಿಗಳು ಹೆದರಿ ಒಪ್ಪಿಕೊಂಡವು. ಬಸುರಿ ಜಿಂಕೆ ಹೊನ್ನಿಯ ಬಳಿ ಕೊಡಲು ಏನೂ ಇರಲಿಲ್ಲ. ನರಿ ಅವಳನ್ನು ಹಿಂದಕ್ಕಟ್ಟಿದ. ನಾಲ್ಕು ಹೆಜ್ಜೆ ಹೋಗುವಷ್ಟರಲ್ಲಿ ಅವಳು ಕುಸಿದು ಬಿದ್ದಳು.

ಮುಳ್ಳವ್ವ ಅದನ್ನು ಕಂಡಳು. ನೇರವಾಗಿ ಬಂಡೆಯ ಬಳಿಗೆ ಹೋಗಿ ಕೆಸರು ಕೆರೆಯತೊಡಗಿದಳು. ಬಿಸಿಲಿಗೆ ಅದು ಇಟ್ಟಿಗೆಯಂತೆ ಗಟ್ಟಿಯಾಗಿತ್ತು. ಉಗುರು ಕಿತ್ತು ರಕ್ತ ಬಂತು. ಅವಳು ನಿಲ್ಲಿಸಲಿಲ್ಲ.

"ಏನಜ್ಜಿ, ದೇವರನ್ನು ನನಗಿಂತ ಚೆನ್ನಾಗಿ ಬಲ್ಲೆಯಾ? ಮಳೆ ಯಾಕೆ ಬರಲಿಲ್ಲ, ಹೇಳು ನೋಡೋಣ," ಎಂದು ನರಿ ಕೆಣಕಿದ.

"ಗೊತ್ತಿಲ್ಲ."

"ದೇವರು ಹೇಗಿದ್ದಾನೆ?"

"ಅದೂ ಗೊತ್ತಿಲ್ಲಪ್ಪ. ಅವನು ನನ್ನ ಈ ಪುಟ್ಟ ತಲೆಯೊಳಗೆ ಹಿಡಿಸುವವನಲ್ಲ. ನಮಗೆ ತಿಳಿಯಬೇಕಾದ್ದನ್ನು ಇಲ್ಲಿ ಹೇಳಿದ್ದಾನೆ. ನನಗೆ ಅಷ್ಟು ಸಾಕು."

ಪ್ರಾಣಿಗಳು ಮುಖ ಮುಖ ನೋಡಿಕೊಂಡವು. ಎಲ್ಲಕ್ಕೂ ಉತ್ತರ ಕೊಡುವವನನ್ನು ನಂಬಬೇಕೋ, ಗೊತ್ತಿಲ್ಲ ಎನ್ನುವವಳನ್ನೋ?

"ನನ್ನನ್ನು ನಂಬಬೇಡಿ," ಎಂದಳು ಮುಳ್ಳವ್ವ. "ನೀವೇ ಬಂದು ಓದಿ."

ಕರಡಿ ಮುಂದೆ ಬಂದು, ಕೆಸರು ಕಳಚಿದ ಸಾಲನ್ನು ಅಕ್ಷರ ಕೂಡಿಸಿ ಕೂಡಿಸಿ ಓದಿದ. "ಈ ನೀರು ಎಲ್ಲರಿಗೂ ಸೇರಿದ್ದು. ಬಾಯಾರಿ ಬಂದವರನ್ನು ತಡೆಯಬೇಡಿ." ಪ್ರಾಣಿಗಳ ನಡುವೆ ಗುಸುಗುಸು ಎದ್ದಿತು. ಮುಳ್ಳವ್ವ ಇನ್ನೊಂದು ಸಾಲಿನ ಮೇಲಿನ ಕೆಸರನ್ನೂ ಕೆರೆದು ತೆಗೆದಳು. ಕರಡಿ ಅದನ್ನೂ ಓದಿದ. "ಪೂರ್ವದ ದಂಡೆಗೆ ಇಳಿಯಬೇಡಿ. ಅಲ್ಲಿ ಕೆಸರು ಆಳವಾಗಿದೆ."

ತನ್ನ ಮಾತು ಬಿದ್ದುಹೋಗುತ್ತಿರುವುದು ನರಿಗೆ ತಿಳಿಯಿತು. "ಅದೆಲ್ಲ ಸುಳ್ಳು. ಪೂರ್ವದ ದಂಡೆಯನ್ನು ದೇವರು ನನಗೇ ಕೊಟ್ಟಿದ್ದಾನೆ. ನೋಡಿ ಬೇಕಾದರೆ," ಎನ್ನುತ್ತಾ ಓಡಿಹೋಗಿ ಅಲ್ಲಿಗೆ ಹಾರಿದ.

ಮೊದಲು ಕಾಲು ಹೂತವು. ಒದ್ದಾಡಿದಷ್ಟೂ ಒಳಕ್ಕೆ ಇಳಿದ. ಕೆಸರು ಕುತ್ತಿಗೆಗೆ ಬಂದಾಗ ದೊಡ್ಡತನವೆಲ್ಲ ಇಳಿದುಹೋಯಿತು.

"ಅವ್ವಾ, ಕಾಪಾಡು," ಎಂದು ಅತ್ತ.

ಮುಳ್ಳವ್ವ ಕರಡಿಯತ್ತ ನೋಡಿದಳು. ಕರಡಿ ಉದ್ದನೆಯ ಕೊಂಬೆ ಚಾಚಿ ನರಿಯನ್ನು ದಡಕ್ಕೆ ಎಳೆದುಹಾಕಿದ.

"ಗುಡ್ಡದ ಮೇಲೆ ದೇವರು ನಿನಗೆ ಏನು ಹೇಳಿದ?" ಎಂದು ಮುಳ್ಳವ್ವ ಕೇಳಿದಳು.

ನರಿ ತಲೆ ಎತ್ತಲಿಲ್ಲ. "ನಾನು ಗುಡ್ಡಕ್ಕೆ ಹೋಗೇ ಇಲ್ಲ," ಎಂದ.

ಅಷ್ಟರಲ್ಲಿ ಮೊಲಗಳು ಹೊನ್ನಿಯನ್ನು ಎಬ್ಬಿಸಿ ಮಡುವಿಗೆ ಕರೆತಂದಿದ್ದವು. ಅವಳು ಕಣ್ಣು ಮುಚ್ಚಿ, ಹೊಟ್ಟೆ ತುಂಬ ನೀರು ಕುಡಿದಳು.

ನೀತಿ: ದೇವರನ್ನು ಪೂರ್ತಿ ಬಲ್ಲವರು ಯಾರೂ ಇಲ್ಲ, ಅವನ ವಾಕ್ಯವನ್ನು ಮುಚ್ಚಿಟ್ಟು ಅವನ ಮನಸ್ಸು ತನಗೆ ಗೊತ್ತು ಎನ್ನುವವನನ್ನು ನಂಬಬಾರದು.