ಸೈಕಲ್ ಬೆಲ್ಲೂ ಎಮ್ಮೆಗಳ ಹಿಂಡೂ

ಪೇಟೆಯಲ್ಲಿ "ಜಾಗ ಬಿಡಿ, ಜಾಗ ಬಿಡಿ" ಎಂದು ಅರಚಿ ಬೇಸತ್ತ ಸೈಕಲ್ ಬೆಲ್ಲು, ಬಸ್ಸು ಲಾರಿಗಳ ಕಾಟವಿಲ್ಲದ ಗುಡ್ಡದ ಜಲ್ಲಿದಾರಿಗೆ ಬಂದಿತು. "ಇನ್ನು ದಾರಿಯೆಲ್ಲ ನನ್ನದೇ!" ಎಂದು ಹಿಗ್ಗುವಷ್ಟರಲ್ಲಿ ಎದುರಿಗೆ ಎಮ್ಮೆಗಳ ಹಿಂಡು. ಬೆಲ್ಲು ಗದರಿಸಿ ಬಾರಿಸಿತು. ಎಮ್ಮೆಗಳು ಪಕ್ಕಕ್ಕೆ ಸರಿದವು; ಸೈಕಲ್ಲು ದಾಟಿದೊಡನೆ ಅದರ ಹಿಂದೆಯೇ ಹೊರಟವು.

"ನನ್ನ ಬೆನ್ನು ಹತ್ತಿದ್ದೇಕೆ?" ಎಂದಿತು ಬೆಲ್ಲು.

"ಮುಂದೆ ಗಂಟೆ ಕೇಳಿದರೆ ಹಿಂದೆ ನಡೆಯುವುದು ನಮ್ಮ ಪದ್ಧತಿ. ತಾವು ಕರೆದಿರಿ, ಬಂದೆವು," ಎಂದಿತು ಹಿರಿಯ ಎಮ್ಮೆ.

"ತೊಲಗಿ!" ಎಂದು ಬೆಲ್ಲು ಇನ್ನೂ ಜೋರಾಗಿ ಬಾರಿಸಿತು. ಎಮ್ಮೆಗಳು ಓಡೋಡಿ ಬಂದವು.

"ಅಣ್ಣಾ, ನೀನು ಸುಮ್ಮನಾದರೆ ಅವೂ ನಿಲ್ಲುತ್ತವೆ," ಎಂದಿತು ಬ್ರೇಕು.

"ಎಮ್ಮೆಗಳಿಗೆ ಹೆದರಿ ನಾನು ಬಾಯಿ ಮುಚ್ಚಲೇ?" ಎಂದು ಬೆಲ್ಲು ಸಿಟ್ಟಿನಿಂದ ಮತ್ತೆ ಟ್ರಿಣ್ ಟ್ರಿಣ್ ಎಂದಿತು.

"ಬಂದೆವು ಒಡೆಯಾ!" ಎಂದಿತು ಹಿಂಡು.