ಹೊರೆಗುಡ್ಡದ ಆರು ಗೆರೆ

ಸಿರಿಬಾಳಿನ ಕೆರೆಯಂಚಿನಲ್ಲಿ, ದುರ್ಗವ್ವನ ಗುಡಿಯ ಬೆನ್ನಿಗೆ, ಒಂದು ಕಲ್ಲಿನ ರಾಶಿ ಇದೆ. ಗುಡ್ಡ ಎನ್ನಲು ಸಂಕೋಚವಾಗುವಷ್ಟು ಚಿಕ್ಕದು. ಆದರೂ ಊರವರ ಬಾಯಲ್ಲಿ ಅದು ಹೊರೆಗುಡ್ಡ. ಪರಊರಿನವರು ಇದು ಯಾರೋ ಪುಣ್ಯಾತ್ಮರು ಹರಕೆಗೆ ಹೊತ್ತು ಹಾಕಿದ ಕಲ್ಲೆಂದು ಕೈಮುಗಿದು ಹೋಗುತ್ತಾರೆ. ಮುಗಿಯಲಿ, ತಪ್ಪೇನಿಲ್ಲ. ಆದರೆ ಈ ಹೊರೆಯನ್ನು ಹೊತ್ತದ್ದು ನೆಲ.

ಹಿಂದೆ ಒಮ್ಮೆ ಈ ಸೀಮೆಯನ್ನಾಳುತ್ತಿದ್ದ ಮುದ್ದಪ್ಪನಾಯಕ ಇಲ್ಲಿ ಗುಡಿ ಕಟ್ಟಿಸಹೊರಟನಂತೆ. ಕೆರೆಯಂಚಿನ ಮಣ್ಣು ನೀರು ಕುಡಿದ ಮೆತ್ತನೆಯ ಜೇಡಿ. ಎರಡು ಸಲ ಗೋಡೆ ಎದೆಮಟ್ಟಕ್ಕೆ ಬಂದಿತು, ಎರಡು ಸಲವೂ ಒಂದು ಮಗ್ಗುಲು ಕುಸಿದು ಬಿರುಕು ಬಿಟ್ಟಿತು. ಮೂರನೆಯ ಸಲ ಕುಸಿದರೆ ಕಲ್ಲುಕುಟಿಗ ಬೊಮ್ಮೋಜನ ಬಲಗೈ ಕಡಿಸುವೆನೆಂದು ನಾಯಕ ಆಣೆಯಿಟ್ಟ. ನೆಲದ ತಪ್ಪಿಗೆ ಕಲ್ಲುಕುಟಿಗನಿಗೆ ಶಿಕ್ಷೆ. ಆಳುವವರ ನ್ಯಾಯ ಎಂದಿಗೂ ಹೀಗೆಯೇ. ಬೊಮ್ಮೋಜನ ಹೆಂಡತಿ ಗಾಳೆವ್ವನ ತವರಿನಲ್ಲಿ, ಮೆತ್ತನೆಯ ನೆಲದಲ್ಲಿ ಕಣಜ ಕಟ್ಟುವ ಮುನ್ನ ಕಣಜದಷ್ಟೇ ಭಾರದ ಕಲ್ಲನ್ನು ಅಲ್ಲಿ ಪೇರಿಸಿ, ನೆಲ ಕೂರುವಷ್ಟು ಕೂತ ಮೇಲೆ ತೆಗೆಯುವ ರೂಢಿಯಿತ್ತು. "ಮಣ್ಣಿಗೆ ಮೊದ್ಲ ಹೊಟ್ಟಿತುಂಬ ಭಾರ ಉಣಸ್ರಿ. ಹಸದ ಮಣ್ಣು ಗ್ವಾಡಿ ನುಂಗತೈತಿ," ಎಂದು ಆಕೆ ಗಂಡನಿಗೆ ಹೇಳಿದಳು.

ಗುಡಿಯ ತೂಕದಷ್ಟು ಕಲ್ಲು ಪಾಯದ ಜಾಗದ ಮೇಲೆ ಬಿತ್ತು. ರಾಶಿಯ ತುದಿ ಎಷ್ಟೆತ್ತರಕ್ಕಿದೆಯೆಂದು ಬೊಮ್ಮೋಜ ಪಕ್ಕದ ಹೆಬ್ಬಂಡೆಯ ಮೇಲೆ ಗೆರೆ ಕೊರೆದ. ಆಮೇಲೆ ಅಮಾವಾಸ್ಯೆಗೊಂದು ಗೆರೆ. ಮೊದಲ ತಿಂಗಳು ರಾಶಿ ಗೇಣುದ್ದ ಇಳಿಯಿತು, ಮುಂದೆ ನಾಲ್ಕು ಬೆರಳು, ಮೂರು, ಎರಡು. ಊರು ನಕ್ಕಿತು. ಆರನೆಯ ಗೆರೆಯ ದಿನ ನಾಯಕನೇ ಬಂದು, ರಾಶಿ ಇಳಿಯುವುದು ನಿಂತಿತೋ ಎಂದು ಕೇಳಿದ. ಹೌದೆಂದಿದ್ದರೆ ಅಂದಿನ ಮಟ್ಟಿಗೆ ಕೈ ಉಳಿಯುತ್ತಿತ್ತು. "ಇಲ್ರೀ ದೊರಿ, ಇನ್ನೂ ಒಂದ್ ಬಟ್ಟು ಇಳದೈತಿ," ಎಂದು ಬೊಮ್ಮೋಜ ಒಂದು ಬೆರಳೆತ್ತಿ ತೋರಿಸಿದ. ಐದು ತಿಂಗಳು ಕಾದು ಸಿಟ್ಟಾಗಿದ್ದ ನಾಯಕ, ಅವನ ಬಲಗೈಯನ್ನು ಆ ಗೆರೆಯ ಪಕ್ಕಕ್ಕೆ ಬಂಡೆಗೆ ಒತ್ತಿಸಿ ಕತ್ತಿ ಹಿರಿದ. ಗಾಳೆವ್ವ ಅಡ್ಡ ಬಂದಳು. "ಇನ್ನೊಂದು ಅಮಾಸಿ ಕೊಡ್ರಿ. ಆಗ್ಲೂ ಇಳದ್ರ ನನ್ನ ಕೈನೂ ತಗೊಳ್ರಿ." ನಾಯಕ ಕತ್ತಿಯನ್ನು ಒರೆಗೆ ಸೇರಿಸಿ, ಮುಂದಿನ ಅಮಾವಾಸ್ಯೆಗೆ ತಿರುಗಿ ಬಂದ. ಏಳನೆಯ ಗೆರೆಗೆಂದು ನಾಯಕನ ಕಣ್ಣೆದುರೇ ಉಳಿ ಇಟ್ಟರೆ, ಅದು ಆರನೆಯ ಗೆರೆಯಲ್ಲೇ ಕೂತಿತು; ರಾಶಿ ಇಳಿದಿರಲಿಲ್ಲ.

ಗುಡಿ ಕಟ್ಟಲು ಆ ಕಲ್ಲುಗಳನ್ನು ಪಕ್ಕಕ್ಕೆ ಎಳೆದು ಹಾಕಿದ್ದೇ ಹೊರೆಗುಡ್ಡವಾಯಿತು. ಗುಡಿ ಇಂದಿಗೂ ನೆಟ್ಟಗಿದೆ. ಊರಲ್ಲಿ ಯಾರು ಮನೆ ಕಟ್ಟುವುದಿದ್ದರೂ ಇಲ್ಲಿಂದ ಒಂದು ಕಲ್ಲನ್ನು ಒಯ್ದು ಜಾಗದ ಮೇಲಿಟ್ಟು, ಒಂದು ಮಳೆಗಾಲ ಕಾದು, ತಿರುಗಿ ತಂದಿಡುತ್ತಾರೆ. ಒಂದು ಕಲ್ಲಿನಿಂದ ಏನಾಗುತ್ತದೆ ಎಂದು ಕೇಳಬೇಡಿ, ಕಾಯುವುದನ್ನಾದರೂ ಕಲಿಯುತ್ತಾರಲ್ಲ. ಹೆಬ್ಬಂಡೆಯ ಮೇಲೆ ಈಗಲೂ ಆರು ಗೆರೆ ಕಾಣುತ್ತವೆ, ಕಡೆಯದು ಇಮ್ಮಡಿ ಆಳ. ಅದರ ಪಕ್ಕ, ನಾಯಕ ಒತ್ತಿಸಿದ್ದ ಜಾಗದಲ್ಲೇ, ಬೆರಳು ಅಗಲಿಸಿದ ಒಂದು ಬಲಗೈಯ ಗುರುತು ಕೊರೆದಿದೆ. ಒರಟು ಕೆಲಸ, ಕಲ್ಲುಕುಟಿಗ ಮಾಡಿದಂತಿಲ್ಲ. ಬೊಮ್ಮೋಜ ಕೈಯನ್ನು ಬಂಡೆಗಿಟ್ಟು ನಿಂತಿದ್ದ, ಸುತ್ತ ಉಳಿ ಆಡಿಸಿದವಳು ಗಾಳೆವ್ವ ಎನ್ನುತ್ತಾರೆ.