ಮುಖ ಕದ್ದ ಯೆರ್ನೆಯ್

ಒಂದೂರಿನ ಜನ ತಮ್ಮವನೊಬ್ಬನಿಗೆ ಮರಣದಂಡನೆ ಕೊಟ್ಟು, ಸಂಜೆ ಅವನ ಜೊತೆಗೇ ಕೂತು ಉಂಡರಂತೆ. ಏನು ನಡೆದಿರಬಹುದು, ಊಹಿಸಿ ನೋಡೋಣ? ಕಳ್ಳತನವೇ? ಅಲ್ಲ. ಕೊಲೆಯೇ? ಅದೂ ಅಲ್ಲ. ಆಗೋದಿಲ್ವಾ? ಹಾಗಾದರೆ ಇತ್ತ ಸರಿದು ಕೂತುಕೊಳ್ಳಿ, ಹೇಳ್ತೀನಿ.

ಅಜ್ಜಂದಿರ ಅಜ್ಜಂದಿರೂ ಕಣ್ಣು ಬಿಟ್ಟಿರದ ಕಾಲ. ಆಲ್ಪ್ಸ್ ಬೆಟ್ಟಗಳ ಮಡಿಲಲ್ಲಿ, ಸ್ಲೊವೇನಿಯ ಅನ್ನುವ ಪುಟ್ಟ ನಾಡಿನಲ್ಲಿ, ಲೀಪಾ ಅಂತ ಒಂದು ಊರು. ಆ ಊರಲ್ಲಿ ಯೆರ್ನೆಯ್ ಅಂತ ಮುಖವಾಡ ಕೆತ್ತುವವನೊಬ್ಬನಿದ್ದ. ಅವನು ಕೆತ್ತಿದ ಕರಡಿಯ ಮುಖ ಕಂಡು ನಿಜವಾದ ಕರಡಿಯೇ ದಾರಿ ಬಿಟ್ಟು ಸರಿಯಿತಂತೆ. ಕುಡುಕನ ಮುಖ ಕೆತ್ತಿದರೆ ಮರದಿಂದ ಹೆಂಡದ ವಾಸನೆ ಬರುತ್ತಿತ್ತಂತೆ. ನಾನಂತೂ ನಂಬ್ತೀನಪ್ಪ. ನಂಬದೆ ಇದ್ದರೆ ಏನು ಲಾಭ?

ಮುಖವಾಡ ಯಾಕೆ ಅಂತೀರಾ? ಅಲ್ಲಿನ ಕ್ರೈಸ್ತರು ಈಸ್ಟರ್‌ಗೆ ಮುಂಚೆ ನಲವತ್ತು ದಿನ ಉಪವಾಸ ಹಿಡೀತಾರೆ. ಅದು ಶುರುವಾಗೋದು ಬೂದಿ ಬುಧವಾರ. ಅದಕ್ಕೆ ಮುಂಚಿನ ದಿನಗಳಲ್ಲಿ ಹೊಟ್ಟೆ ಬಿರಿಯ ತಿಂದು, ಕುರಿಚರ್ಮ ಹೊದ್ದು, ಸೊಂಟಕ್ಕೆ ದನದ ಗಂಟೆ ಕಟ್ಟಿಕೊಂಡು, ಚಳಿಗಾಲವನ್ನ ಬೆದರಿಸಿ ಓಡಿಸೋ ವೇಷಗಳು ಬೀದಿಗಿಳೀತವೆ. ಎಲ್ಲ ವೇಷಗಳ ದೊರೆ ಪುಸ್ತ್. ಮೈತುಂಬ ಪಾಚಿ, ತಲೆಗೆ ಕೊಂಬು. ಉಪವಾಸದ ಹಿಂದಿನ ಮಂಗಳವಾರ ಊರ ಚೌಕದಲ್ಲಿ ಅವನ ವಿಚಾರಣೆ. ಹೋದ ವರ್ಷದ ಕೆಟ್ಟದ್ದೆಲ್ಲ ಅವನ ತಲೆಗೆ. ದಾರಿ ಕುಸೀತು, ಪುಸ್ತ್! ದ್ರಾಕ್ಷಾರಸ ಹುಳಿಯಾಯ್ತು, ಪುಸ್ತ್! ಆಮೇಲೆ ಮರದ ಕೊಡತಿಯಿಂದ ಹೊಡೆದು ಸಾಯಿಸಿದ ಹಾಗೆ ಮಾಡ್ತಾರೆ. ಅವನು ಸತ್ತರೇನೇ ಚಳಿಗಾಲ ತೊಲಗಿ ವಸಂತ ಬರೋದು ಅಂತ ಅವರ ನಂಬಿಕೆ. ನಮ್ಮಲ್ಲಿ ಕಾಮಣ್ಣನ್ನ ಸುಡ್ತೀವಲ್ಲ, ಹಾಗೇ ಅಂತಿಟ್ಕೊಳ್ಳಿ. ಆದರೆ ಅಲ್ಲೊಂದು ಕಟ್ಟಳೆ: ಪುಸ್ತ್ ಒಪ್ಪಿಕೊಂಡು ಸತ್ತ ತಪ್ಪನ್ನ ಮತ್ತೆ ಯಾರ ಮೇಲೂ ಹೊರಿಸಬಾರದು.

ಒಂದು ವರ್ಷ ಯೆರ್ನೆಯ್ ಮಾಟಗಾತಿಯ ಮುಖ ಕೆತ್ತಿದ. ಪಕ್ಕದ ಮನೆಯ ವಿಧವೆ ನೇಜಾಳನ್ನ ದಿನಾ ನೋಡ್ತಿದ್ದನಲ್ಲ, ಉಳಿ ತಾನಾಗಿ ಅತ್ತಲೇ ಹೋಯ್ತೋ ಏನೋ, ಮುಖ ಥೇಟ್ ಅವಳದ್ದೇ ಆಯ್ತು, ಗಲ್ಲದ ಮಚ್ಚೆ ಸಮೇತ. ನೇಜಾ ದನಗಳಿಗೆ ಬೇರು-ಸೊಪ್ಪಿನ ಮದ್ದು ಕೊಡುವ ಹೆಂಗಸು. ಜನ ಬಿದ್ದು ಬಿದ್ದು ನಕ್ಕರು. ಅವಳೂ ನಕ್ಕಳಂತೆ. "ಏನೋ ಯೆರ್ನೆಯ್, ಮೂಗು ಇಷ್ಟುದ್ದ ಇಟ್ಟಿದೀಯ, ನಿಮ್ಮಪ್ಪಂದು ಎರವಲು ತಂದ್ಯಾ?" ಅಂದಳಂತೆ.

ಬೇಸಿಗೆಯಲ್ಲಿ ದನಗಳಿಗೆ ರೋಗ ಬಂತು. ಕೊಟ್ಟಿಗೆ ಮೇಲೆ ಕೊಟ್ಟಿಗೆ ಖಾಲಿಯಾಯ್ತು. ಈಗ ನೇಜಾಳನ್ನ ನೋಡಿದವರಿಗೆಲ್ಲ ಆ ಮುಖವಾಡವೇ ಕಾಣತೊಡಗಿತಂತೆ. ಇವಳೇ ಮಾಟ ಮಾಡಿದ್ದು ಅಂದರು. ಊರ ಮುಖ್ಯಸ್ಥ ಉರ್ಬಾನನ ದನಗಳೇ ಹೆಚ್ಚು ಸತ್ತಿದ್ದವು. ಹಿಮ ಬೀಳೋ ಹೊತ್ತಿಗೆ ಅವನು ತೀರ್ಮಾನ ಹೇಳಿಬಿಟ್ಟ: ಚಳಿಗಾಲದ ಹಬ್ಬ ಮುಗಿಯಲಿ, ಬೂದಿ ಬುಧವಾರ ಬೆಳಿಗ್ಗೆ ಅವಳು ಊರು ಬಿಡಬೇಕು. ಕಣಿವೆಯಲ್ಲಿ ಎದೆಮಟ್ಟ ಹಿಮ. ಊರು ಬಿಡು ಅಂದರೆ ಸಾಯಿ ಅಂದ ಹಾಗೇ.

ಯೆರ್ನೆಯ್‌ಗೆ ಕೂತಲ್ಲಿ ಕೂರಲಾಗಲಿಲ್ಲ, ನಿಂತಲ್ಲಿ ನಿಲ್ಲಲಾಗಲಿಲ್ಲವಂತೆ. ಮುಖವಾಡವನ್ನ ಒಲೆಗೆ ಹಾಕಿದ. ಮರ ಸುಟ್ಟಿತು, ಜನರ ಕಣ್ಣಲ್ಲಿದ್ದದ್ದು ಸುಡಲಿಲ್ಲ. ಉರ್ಬಾನನ ಬಾಗಿಲಿಗೆ ಹೋದ, ಬಂದ, ಮತ್ತೆ ಹೋದ. "ಮರ ಕೆತ್ಕೊಂಡು ಬಿದ್ದಿರು ಹೋಗಯ್ಯ" ಅಂತ ಉರ್ಬಾನ್ ಕದ ಹಾಕಿಕೊಂಡನಂತೆ. ಬೀದಿಯಲ್ಲಿ ವೇಷದವರು ಹಾದುಹೋದಾಗಲೆಲ್ಲ, ಅಯ್ಯೋ ಮಂಗಳವಾರ ಹತ್ತಿರ ಬಂತು ಅಂತ ದಿನ ಎಣಿಸುತ್ತಿದ್ದನಂತೆ. ಕೊನೆಗೆ, ಈ ಸಲ ಪುಸ್ತ್ ನಾನೇ ಆಗ್ತೀನಿ ಅಂದನಂತೆ.

ಮಂಗಳವಾರ ಬಂತು. ಉರ್ಬಾನನೇ ನ್ಯಾಯಾಧೀಶ. ಹಿಮ ಸುರಿಸಿದ್ದು ಯಾರು? ನಾನೇ, ಅಂದ ಪುಸ್ತ್. ಜನ ನಕ್ಕರು. ಪಾದ್ರಿಗಳ ಕೋಳಿ ಕದ್ದದ್ದು? ಅದೂ ನಾನೇ. ಮತ್ತೆ ನಕ್ಕರು. ಇನ್ನೇನು ಕೊಡತಿ ಎತ್ತಬೇಕು, ಪುಸ್ತ್ ಕೂಗಿದ: "ತಡೀರಿ, ಇನ್ನೂ ಇದೆ! ದನಗಳನ್ನ ಕೊಂದವನು ನಾನು. ನೇಜಾಳ ಮುಖ ಕದ್ದು ಮಾಟಗಾತಿಗೆ ಅಂಟಿಸಿದವನೂ ನಾನೇ!"



"ಏಯ್, ಅದನ್ನ ಯಾರೋ ಕೇಳಿದ್ದು ನಿನ್ನ?" ಅಂತ ಉರ್ಬಾನ್ ಗುಡುಗಿದ.

ಗುಂಪಿನಿಂದ ಒಬ್ಬ ಮುದುಕಿ, "ಕೇಳದಿದ್ರೇನು, ಒಪ್ಕೊಂಡನಲ್ಲ! ಹೊಡಿ ಮತ್ತೆ. ಇಲ್ಲಾಂದ್ರೆ ಚಳಿಗಾಲಾನ ನಿನ್ನ ಮನೇಲೇ ಇಟ್ಕೊ!" ಅಂದಳಂತೆ.

ಪುಸ್ತ್ ಬದುಕಿದರೆ ವಸಂತ ಬರೋದಿಲ್ಲ. ಸತ್ತರೆ ನೇಜಾಳ ಮೇಲಿನ ಮಾತೂ ಸತ್ತಂತೆ. ಉರ್ಬಾನ್ ಕೊಡತಿ ಹಿಡಿದು ನಿಂತೇ ಇದ್ದನಂತೆ. ಪುಸ್ತ್ ಮಂಡಿಯೂರಿ ಕಾದೇ ಇದ್ದನಂತೆ. ಕಡೆಗೂ ಕೊಡತಿ ಯೆರ್ನೆಯ್‌ನ ಹೆಗಲ ಮೇಲೆ ಬಿತ್ತು, ನಿಜವಾದ ಸಿಟ್ಟಿನಿಂದಲೇ ಬಿತ್ತಂತೆ. ಆ ಹೆಗಲು ಆಮೇಲೆ ಎಂದೂ ನೆಟ್ಟಗಾಗಲಿಲ್ಲವಂತೆ.

ಸಂಜೆ ಆ ಹೆಗಲಿಗೆ ಸೊಪ್ಪಿನ ಪಟ್ಟು ಕಟ್ಟಿದವಳು ನೇಜಾ. ಒಬ್ಬೊಬ್ಬರಾಗಿ ಊರೇ ಅವಳ ಮನೆಗೆ ಬಂತು, ಕರಿದ ತಿಂಡಿಯ ತಟ್ಟೆ ಹಿಡಿದುಕೊಂಡು. ಎಲ್ಲರಿಗಿಂತ ಕೊನೆಗೆ ಬಂದ ಉರ್ಬಾನ್ ಹೊಸ್ತಿಲಲ್ಲೇ ನಿಂತ. "ಬಾರಯ್ಯ, ಮಾಟಗಾತಿ ಮನೇಲಿ ಊಟ ಸೇರುತ್ತೆ ತಾನೇ?" ಅಂದಳಂತೆ ನೇಜಾ.

ಈಗಲೂ ಆ ಊರಲ್ಲಿ ಹೊಸ ಮುಖವಾಡ ಕೆತ್ತುವವನು ಕಣ್ಣು ಕೊರೆಯುವ ಮುಂಚೆ ಅದನ್ನ ಕಂಕುಳಲ್ಲಿಟ್ಟುಕೊಂಡು ಮನೆಮನೆಗೂ ಹೋಗ್ತಾನಂತೆ. ಇದು ನಮ್ಮೂರಲ್ಲಿ ಯಾರ ಹಾಗಾದರೂ ಇದೆಯಾ ನೋಡಿ ಅಂತ ಕೇಳ್ತಾನಂತೆ. ಇಲ್ಲ ಅಂತ ಕೊನೇ ಮನೆಯವರೂ ಹೇಳಿದ ಮೇಲೇ ಕಣ್ಣಿಗೆ ಉಳಿ. ಯಾವ ವರ್ಷದಿಂದ ಹೀಗೆ ಅಂದರೆ ಅವರಿಗೂ ಗೊತ್ತಿಲ್ಲ. ಆ ವಿಚಾರಣೆಯ ದಿನ ಮಾತ್ರ ಮಕ್ಕಳ ಬಾಯಲ್ಲೂ ಇದೆ: ಫೆಬ್ರವರಿ ಹದಿನಾಲ್ಕು, ಮಂಗಳವಾರ.